ಫ್ಲೆಕ್ಸಿನಲ್ಲಿರುವ ತಾಯಿಗೆ ಏನೇನು ಗೊತ್ತಿತ್ತು

‘ತುಂಬು ತಟ್ಟೆ’ ಪೌಷ್ಟಿಕ ಆಹಾರ ಅರಿವು ಅಭಿಯಾನದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ ಎಂದೇ ಶುರು ಮಾಡುತ್ತೇನೆ. ಬಾಯಿಗೆ ಬರುತ್ತಿರುವ ಬೇರೆ ಸಂಬೋಧನೆಗಳನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

ರಾಮನಗರದ ಬಸ್ ನಿಲ್ದಾಣದ ಎದುರು, ನನ್ನ ತರಕಾರಿ ಗಾಡಿಯಿಂದ ಇಪ್ಪತ್ತು ಹೆಜ್ಜೆ ಆಚೆ, ತಾವು ಕಟ್ಟಿಸಿರುವ ಫ್ಲೆಕ್ಸ್ ಒಂದಿದೆ. ಅದರ ಎಡಭಾಗದಲ್ಲಿ ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಒಂದು ಗುಂಡು ಮಗು. ಅದರ ಮುಂದೆ ಸೇಬು, ಕಿವಿ ಹಣ್ಣು, ಬ್ರೊಕೋಲಿ. ಬಲಭಾಗದಲ್ಲಿ ನಮ್ಮೂರಿನ ಒಂದು ಮಗು. ಅದರ ಫ್ರಾಕನ್ನು ಎದೆಯವರೆಗೆ ಎತ್ತಿ ಹಿಡಿದಿರುವ ತಾಯಿಯ ಎರಡು ಕೈ, ತಗ್ಗಿಸಿದ ಆಕೆಯ ಮುಖ, ಎಣಿಸಬಹುದಾದ ಪಕ್ಕೆಲುಬು. ಕೆಳಗೆ ಕೆಂಪಕ್ಷರದಲ್ಲಿ ‘ತಾಯಿಯ ಅಜ್ಞಾನವೇ ಮಗುವಿನ ಅಪೌಷ್ಟಿಕತೆ. ಇಂಥ ತಾಯಿ ನೀವಾಗಬೇಡಿ’ ಎಂಬ ಘೋಷಣೆ. ಮೇಲ್ಗಡೆ, ಎರಡೂ ಮಕ್ಕಳಿಗಿಂತ ದೊಡ್ಡದಾಗಿ, ಕೈ ಮುಗಿದು ನಗುತ್ತಿರುವ ತಾವು.

ಬಲಭಾಗದ ಮಗು ತೀರಿಕೊಂಡು ಇಂದಿಗೆ ನಲವತ್ತಮೂರು ದಿನ. ಫ್ಲೆಕ್ಸ್ ಇನ್ನೂ ಇಳಿದಿಲ್ಲ. ಹಾಗೆಂದರೂ ಪೂರ್ತಿ ನಿಜವಲ್ಲ. ಒಮ್ಮೆ ಇಳಿದಿತ್ತು, ತಾವು ಹೊಸದಾಗಿ ಮಾಡಿಸಿ ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿದ್ದೀರಿ. ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಕನ್ನಡ ಎಂ.ಎ. ಮಾಡಿ ಒಂಬತ್ತು ವರ್ಷ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದವನು. ಅತಿಥಿಯನ್ನು ಯಾರು ತಾನೇ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಕೊರೋನಾ ವರ್ಷ ಕಾಲೇಜು ಬಾಗಿಲು ಹಾಕಿತು, ಮತ್ತೆ ತೆರೆದಾಗ ನನ್ನನ್ನು ಕರೆಯಲಿಲ್ಲ. ಆಗ ಹಿಡಿದ ತಳ್ಳುಗಾಡಿಯನ್ನು ಇನ್ನೂ ಬಿಟ್ಟಿಲ್ಲ. ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುವ, ಬೈರಾಪಟ್ಟಣದಿಂದ ದಿನಾ ಬಂದು ಹೋಗುವ ಮುನಿಯಮ್ಮ ಈಗಲೂ ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಾರೆ. ಯಾವ ಮನೆಯಲ್ಲಿ ಇವತ್ತು ಸಾರಿಗೆ ಏನು ಬಿತ್ತು, ಯಾವ ಮನೆಯಲ್ಲಿ ಏನೂ ಬೀಳಲಿಲ್ಲ ಎಂಬುದು ತಮ್ಮ ಸಮೀಕ್ಷೆಗಿಂತ ಮೊದಲು ನಮ್ಮಿಬ್ಬರಿಗೆ ಗೊತ್ತಾಗುತ್ತದೆ. ಈ ಪತ್ರ ಬರೆಯಲು ನನಗಿರುವ ಅರ್ಹತೆ ಅದು, ಎಂ.ಎ. ಅಲ್ಲ.

ಫ್ಲೆಕ್ಸಿನಲ್ಲಿರುವ ತಾಯಿಯ ಹೆಸರು ನವ್ಯಶ್ರೀ. ಮಗುವಿನ ಹೆಸರು ಲಿಖಿತಾ. ನವ್ಯಳನ್ನು ಕೇಳಿಯೇ ಈ ಹೆಸರುಗಳನ್ನು ಬರೆದಿದ್ದೇನೆ. ತಾವು ಕೇಳಿರಲಿಲ್ಲ.

ನವ್ಯಳಿಗೆ ಇಪ್ಪತ್ತನಾಲ್ಕು ವರ್ಷ. ಪಿಯುಸಿ ಓದಿದ್ದಾಳೆ. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಘಟಕವೊಂದರಲ್ಲಿ ಕೆಲಸ. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಅವಳ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಚಿಲ್ಲರೆ ಕೊಡುವಾಗ ನಾನು ನೋಡಿದ್ದೇನೆ. ಗಂಡ ಜಯಕುಮಾರ್ ಬಿಡದಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಗುತ್ತಿಗೆ ಮುಗಿದ ಮೇಲೆ ಸಿಕ್ಕ ದಿನ ಲೋಡಿಂಗು, ಸಿಗದ ದಿನ ಮನೆ. ಅವನ ತಾಯಿ ಚಿಕ್ಕಲಕ್ಷ್ಮಮ್ಮ ಮಾಗಡಿ ಕಡೆಯ ಹಳ್ಳಿಯವರು. ಮೊಮ್ಮಗಳನ್ನು ನೋಡಿಕೊಳ್ಳಲೆಂದು ಬಂದು ಇವರ ಜೊತೆಗೇ ಉಳಿದಿದ್ದರು.

ಸಂಜೆ ಏಳರ ಸುಮಾರಿಗೆ, ಬೆಳಗಿನ ತರಕಾರಿ ಬಾಡಿ, ನಾವು ಕೇಜಿ ಲೆಕ್ಕ ಬಿಟ್ಟು ಗುಡ್ಡೆ ಹಾಕುವ ಹೊತ್ತಿಗೆ ನವ್ಯ ಬರುತ್ತಿದ್ದಳು. ಸೊಂಟದ ಮೇಲೆ ಲಿಖಿತಾ. ಎಲ್ಲ ಗುಡ್ಡೆಗಳನ್ನೂ ಒಮ್ಮೆ ಕಣ್ಣಲ್ಲೇ ಅಳೆದು, ಬೇಡದ್ದರ ಬೆಲೆ ಮೊದಲು ಕೇಳಿ, ಬೇಕಾದದ್ದರ ಬೆಲೆ ಕೊನೆಗೆ ಕೇಳುವ ಜಾಣೆ. ಅವರೆಕಾಯಿ ಕಾಲದಲ್ಲಿ ಒಂದು ದಿನ ಹೀಗೆ ಕೇಳಿದಳು.

“ಅಣ್ಣ, ಆ ಹುಳ ಬಿದ್ದಿರೋ ಅವರೆಕಾಯಿ ಕೊಡಿ. ನಾನೇ ಆರ್ಸ್ಕೊತೀನಿ.”

“ಹುಳದ್ದು ಯಾಕಮ್ಮ, ಒಳ್ಳೇದೇ ಐತಲ್ಲ.”

“ಹುಳ ಐತೆ ಅಂದ್ರೆ ಔಷ್ದಿ ಹೊಡ್ದಿಲ್ಲ ಅಂತ ತಾನೆ ಅಣ್ಣ? ನನ್ ಮಗೀಗೆ ಅದೇ ಒಳ್ಳೇದು. ನೀವೂ ರೇಟು ಇಳ್ಸ್ತೀರ.” ಹೇಳಿ ನಕ್ಕಳು. ನಾನು ಇಳಿಸಿದೆ.

ಕಾರಿನಲ್ಲಿ ಬರುವ ಗಿರಾಕಿಗಳು ನವಿಲುಕೋಸು ಕೊಂಡು, ಅದರ ಎಲೆಯನ್ನು ಮುರಿಸಿ ನನ್ನ ಗಾಡಿಯಲ್ಲೇ ಬಿಟ್ಟು ಹೋಗುತ್ತಾರೆ. ಆ ಎಲೆ ನವ್ಯಳದು. ಮೂಲಂಗಿಯ ಸೊಪ್ಪು ಅವಳದು, ಹೂಕೋಸಿನ ದಂಟು ಅವಳದು. ಇವನ್ನು ಕಾಳಿನ ಜೊತೆ ಬೇಯಿಸಿ ಬಸಿದು, ಆ ಕಟ್ಟಿನ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡಿದರೆ ಮುದ್ದೆಗೆ ಎರಡು ಹೊತ್ತು ನಡೆಯುತ್ತದೆ. ಬಸಿದ ಕಟ್ಟನ್ನು ಖಾರ ಹಾಕುವ ಮೊದಲೇ ಒಂದು ಲೋಟ ತೆಗೆದಿಟ್ಟು ಮಗುವಿಗೆ ಕುಡಿಸುತ್ತಿದ್ದಳು. ಕುಂಬಳಕಾಯಿ ಹೋಳು ಮಾಡುವಾಗ ನಾನು ಕೆರೆದು ಬಿಸಾಡುತ್ತಿದ್ದ ಬೀಜವನ್ನು ಕೇಳಿ ಇಸಿದುಕೊಂಡು, ತೊಳೆದು ಒಣಗಿಸಿ, ಹುರಿದು ಪುಡಿ ಮಾಡಿ ರಾಗಿಸರಿಗೆ ಬೆರೆಸುತ್ತಿದ್ದಳು. ದಿನಕ್ಕೊಂದು ಮೊಟ್ಟೆ, ಅದು ಲಿಖಿತಾಳಿಗೆ ಮಾತ್ರ. ಟೊಮೆಟೊ ನೂರು ದಾಟಿದ ತಿಂಗಳಲ್ಲಿ ಹುಣಸೆಹಣ್ಣು, ಹುಣಸೆಹಣ್ಣೂ ಏರಿದಾಗ ಮಜ್ಜಿಗೆ. ಏನಿಲ್ಲದಾಗ ಯಾವುದು ನಡೆಯುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಇದು ಅಜ್ಞಾನವಾದರೆ, ಮಾನ್ಯರೇ, ಜ್ಞಾನ ಯಾವ ಅಂಗಡಿಯಲ್ಲಿ ಸಿಗುತ್ತದೆ? ಕೇಜಿಗೆ ಎಷ್ಟು?

ಹಾಗಿದ್ದರೆ ಮಗು ಏಕೆ ಸೊರಗಿತ್ತು? ತಾವು ಕೇಳಬೇಕಾಗಿದ್ದ ಪ್ರಶ್ನೆ ಇದು. ಕೇಳಿದ್ದರೆ ಉತ್ತರ ಒಂದೇ ನಿಮಿಷದ್ದು. ಲಿಖಿತಾ ಎಂಟನೇ ತಿಂಗಳಿಗೇ ಹುಟ್ಟಿದವಳು. ಅವರಿದ್ದ ಶೀಟಿನ ಮನೆಗಳ ಸಾಲಿಗೆ ನಾಲ್ಕು ದಿನಕ್ಕೊಮ್ಮೆ ನೀರು, ಅದೂ ಚರಂಡಿಯೊಳಗೇ ಹಾದು ಬರುವ ಪೈಪಿನಲ್ಲಿ. ತಿಂಗಳಿಗೊಮ್ಮೆಯಾದರೂ ಮಗುವಿಗೆ ಭೇದಿ. ತಿನ್ನಿಸಿದ್ದು ಮೈಗೆ ಹತ್ತುವ ಮೊದಲೇ ಹೋಗಿಬಿಡುತ್ತಿತ್ತು. ನವ್ಯ ನೀರು ಕಾಯಿಸಿ ಆರಿಸಿಯೇ ಕುಡಿಸುತ್ತಿದ್ದಳು. ಆದರೆ ಎರಡು ವರ್ಷದ ಮಗು ನೆಲದ ಮೇಲೆ ಆಡುತ್ತದೆ, ಆ ನೆಲ ತೊಳೆಯುವುದು ಅದೇ ನೀರಿನಲ್ಲಿ. ತಮ್ಮ ಫ್ಲೆಕ್ಸಿನಲ್ಲಿ ಪೈಪಿನ ಚಿತ್ರಕ್ಕೆ ಜಾಗವಿರಲಿಲ್ಲವೇನೋ. ಬ್ರೊಕೋಲಿಗಿತ್ತು. ಐದು ವರ್ಷದಿಂದ ಇಲ್ಲಿ ತರಕಾರಿ ಮಾರುತ್ತಿದ್ದೇನೆ, ಒಂದು ದಿನವೂ ಒಬ್ಬರೂ ನನ್ನನ್ನು ಬ್ರೊಕೋಲಿ ಕೇಳಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಬಡವರ ತಟ್ಟೆಯ ಬಗ್ಗೆ ಅಭಿಪ್ರಾಯವಿರುವವರು ತಾವೊಬ್ಬರೇ ಅಲ್ಲ. ನನ್ನ ಗಾಡಿಯ ಮುಂದೆ ಅವಳು ನಿಂತಿದ್ದ ಹತ್ತು ನಿಮಿಷದಲ್ಲಿ ಮೂರು ಜನರಾದರೂ ಮಗುವನ್ನು ನೋಡಿ ಸಲಹೆ ಕೊಟ್ಟೇ ಹೋಗುತ್ತಿದ್ದರು. ಮೊಟ್ಟೆ ಕೊಡಬೇಡ, ಉಷ್ಣ. ಬಾಳೆಹಣ್ಣು ಕೊಡಬೇಡ, ಶೀತ. ಕಾಲುಸೂಪು ಕುಡಿಸು. ಡಬ್ಬಿ ಪುಡಿ ತಂದು ಹಾಲಿಗೆ ಹಾಕು. ಸಂಜೆಯ ವಾಕಿಂಗ್ ಮುಗಿಸಿ, ಸಕ್ಕರೆ ಕಾಯಿಲೆಗೆಂದು ರಾಗಿಗೆ ತಿರುಗಿಕೊಂಡಿದ್ದ ಒಬ್ಬರಂತೂ “ನಿಮ್ಮ ಊಟವೇ ಬೆಸ್ಟು ಕಣಮ್ಮ, ನಾವೇ ಈಗ ನಿಮ್ಮ ಥರ ತಿನ್ನೋಕೆ ಶುರು ಮಾಡಿದೀವಿ” ಎಂದರು. ನವ್ಯ ಎಲ್ಲರಿಗೂ ಹೂಂ ಎನ್ನುತ್ತಿದ್ದಳು. ನಾನೂ ಆ ಸಾಲಿನಲ್ಲಿದ್ದವನೇ. ಒಂದು ಸಂಜೆ, ಏನೋ ಕಾಳಜಿ ಮಾಡುವವನಂತೆ, “ಮಗೀಗೆ ಒಸಿ ಹಣ್ಣು ಗಿಣ್ಣು ತಿನ್ಸಮ್ಮ, ನೋಡು ಹೆಂಗಾಗೈತೆ” ಎಂದುಬಿಟ್ಟೆ. ಅವಳು ಕೈಯಲ್ಲಿದ್ದ ಸೀಮೆಬದನೆಕಾಯಿಯನ್ನು ವಾಪಸ್ ಗುಡ್ಡೆಯ ಮೇಲಿಟ್ಟು, ಪಕ್ಕದ ಗಾಡಿಯಲ್ಲಿ ಎರಡು ಬಾಳೆಹಣ್ಣು ಕೊಂಡು ಹೋದಳು. ಆ ರಾತ್ರಿ ಅವರ ಮನೆಯ ಸಾರಿಗೆ ತರಕಾರಿ ಇರಲಿಲ್ಲವೆಂದು ನನಗೆ ಮಾತ್ರ ಗೊತ್ತು. ನನ್ನ ಮಾತಿಗೆ ಇಪ್ಪತ್ತು ಅಡಿಯ ಫ್ಲೆಕ್ಸ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಡಿಸೆಂಬರಿನಲ್ಲಿ ತಮ್ಮ ಅಭಿಯಾನದ ಶಿಬಿರ ನಡೆಯಿತು. ತೂಕ ಕಡಿಮೆಯಿರುವ ಮಕ್ಕಳನ್ನು ಕರೆತನ್ನಿ, ಕಿಟ್ ಕೊಡುತ್ತೇವೆ ಎಂದು ಮನೆಮನೆಗೆ ಹೇಳಿ ಕಳುಹಿಸಿದ್ದಿರಿ. ನವ್ಯ ಅರ್ಧ ದಿನದ ಕೂಲಿ ಬಿಟ್ಟು ಹೋದಳು. ಅಂಗನವಾಡಿಯಲ್ಲಿ ಮಗುವಿನ ತೂಕ ಮಾಡಿಸುವ ಯಾವ ದಿನವನ್ನೂ ಅವಳು ಅಲ್ಲಿಯವರೆಗೆ ತಪ್ಪಿಸಿರಲಿಲ್ಲ ಎಂಬುದು ತಮ್ಮ ಕಡತದಲ್ಲೇ ಇರಬೇಕು, ತೆಗೆಸಿ ನೋಡಿ. ವೇದಿಕೆಯ ಮೇಲೆ ತಾವು ಮಾತಾಡಿದಿರಂತೆ: ನುಗ್ಗೆಸೊಪ್ಪು ಪುಕ್ಕಟೆ ಸಿಗುತ್ತದೆ, ತಿನ್ನುವ ಮನಸ್ಸಿಲ್ಲ ಅಷ್ಟೇ. ಎಲ್ಲಿ ಪುಕ್ಕಟೆ ಸಿಗುತ್ತದೆ ಸ್ವಾಮಿ? ಹತ್ತಡಿ ಉದ್ದ, ಹತ್ತಡಿ ಅಗಲದ ಬಾಡಿಗೆ ಶೀಟಿನ ಮನೆಗೆ ಅಂಗಳವೆಲ್ಲಿದೆ, ಅಂಗಳದಲ್ಲಿ ಮರವೆಲ್ಲಿದೆ? ಮುನಿಯಮ್ಮನ ಹತ್ತಿರ ನುಗ್ಗೆಸೊಪ್ಪೂ ಕಟ್ಟಿಗಿಷ್ಟು ಎಂದೇ ಮಾರಾಟವಾಗುವುದು. ಮುನಿಯಮ್ಮನಿಗೆ ಬಸ್ಸು ಫ್ರೀ ಇರಬಹುದು, ಸೊಪ್ಪಿನ ಮೂಟೆಗೆ ಲಗೇಜ್ ಟಿಕೆಟ್ ತೆಗೆಯಬೇಕಲ್ಲ.

ಭಾಷಣ ಮುಗಿದ ಮೇಲೆ ತಮ್ಮ ಫೋಟೊಗ್ರಾಫರ್ ತಾಯಂದಿರ ಸಾಲಿನ ಮುಂದೆ ಹಾದು, ನವ್ಯಳ ಹತ್ತಿರ ನಿಂತ.

“ಒಸಿ ಫ್ರಾಕ್ ಮೇಲೆತ್ತಮ್ಮ. ಪಕ್ಕೆ ಕಾಣ್ಬೇಕು.”

“ಯಾಕೆ ಸಾರ್?”

“ಡಾಕ್ಟ್ರಿಗೆ ತೋರ್ಸಕ್ಕೆ. ರೆಕಾರ್ಡಿಗೆ.”

ಅವಳು ಎತ್ತಿ ಹಿಡಿದಳು. ಕ್ಯಾಮೆರಾ ಕಂಡರೆ ಎಲ್ಲರೂ ಮಾಡುವಂತೆ ಮುಗುಳ್ನಕ್ಕಳು.

“ನಗಬ್ಯಾಡಮ್ಮ. ತಲೆ ಬಗ್ಸು.”

ಬಗ್ಗಿಸಿದಳು. ಆಮೇಲೆ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಕಿಟ್ ತಲುಪಿದ್ದಕ್ಕೆ ಎಂದರು. ಕಿಟ್ಟಿನಲ್ಲಿ ಅರ್ಧ ಕೇಜಿ ಹೆಸರುಕಾಳು, ಒಂದು ಪೊಟ್ಟಣ ಖರ್ಜೂರ, ತಮ್ಮ ಭಾವಚಿತ್ರವಿರುವ ಒಂದು ಕ್ಯಾಲೆಂಡರ್. ಖರ್ಜೂರವನ್ನು ಲಿಖಿತಾ ಇಷ್ಟಪಟ್ಟು ತಿಂದಳಂತೆ. ದಿನಕ್ಕೆ ಎರಡರಂತೆ, ಹೊಸ ವರ್ಷದವರೆಗೂ ಬಂತು.

ಜನವರಿಯ ಒಂದು ಮಧ್ಯಾಹ್ನ ನಾಲ್ಕು ಜನ ಬಂದು ಫ್ಲೆಕ್ಸ್ ಕಟ್ಟಿದರು. ಮೊದಲು ನೋಡಿದ್ದು ಮುನಿಯಮ್ಮ. “ಮೇಷ್ಟ್ರೇ, ಒಸಿ ಕತ್ತೆತ್ತಿ ನೋಡಿ. ಅದು ನಮ್ ನವ್ಯ ಅಲ್ವರಾ?” ನಾನು ಓದಿದೆ. ಓದು ಬಾರದ ಮುನಿಯಮ್ಮ “ಏನಂತ ಬರ್ದವ್ರೆ?” ಎಂದು ಕೇಳಿದರು. ಒಂಬತ್ತು ವರ್ಷ ಪಾಠ ಹೇಳಿದ ಬಾಯಿಗೆ ಆ ಎರಡು ಸಾಲು ಓದಿ ಹೇಳಲು ಆಗಲಿಲ್ಲ.

ಸಂಜೆ ನವ್ಯ ಎಂದಿನಂತೆ ಬಂದಳು. ಬೆನ್ನು ಫ್ಲೆಕ್ಸಿನ ಕಡೆಗಿತ್ತು. ಅವಳು ಬೀನ್ಸ್ ಆರಿಸುತ್ತಿದ್ದಾಗ, ಹೆಗಲ ಮೇಲಿನಿಂದ ನೋಡುತ್ತಿದ್ದ ಲಿಖಿತಾ ಕೈ ಚಾಚಿ “ಅಮ್ಮ, ಅಮ್ಮ” ಎಂದು ಕೂಗತೊಡಗಿದಳು. “ಇಲ್ಲೇ ಇವ್ನಿ ಕಣವ್ವ” ಎಂದಳು ನವ್ಯ. ಮಗು ಕೇಳಲಿಲ್ಲ, ಬೆರಳು ತೋರಿಸಿ ಮತ್ತೆ ಕೂಗಿತು. ಆಗ ಅವಳು ತಿರುಗಿದಳು.

ಬಸ್ಸಿಗೆ ಕಾಯುತ್ತಿದ್ದವರಲ್ಲಿ ಇಬ್ಬರು ಫ್ಲೆಕ್ಸನ್ನೂ ಅವಳನ್ನೂ ತಿರುಗಿ ತಿರುಗಿ ನೋಡಿದರು. ಅವಳು ಸೆರಗಿನಿಂದ ಮಗುವಿನ ಮುಖ ಮುಚ್ಚಿದಳು. “ಅಣ್ಣ, ಇದು ರೆಕಾರ್ಡಿಗೆ ಅಂದಿದ್ರು” ಎಂದಳು. ಆರಿಸಿಟ್ಟ ಬೀನ್ಸನ್ನು ಅಲ್ಲೇ ಬಿಟ್ಟು ಹೋದಳು.

ಮುಂದಿನದು ತಮ್ಮ ಭಾಷೆಯಲ್ಲಿ ಅರಿವು ಮೂಡಿದ್ದು. ಘಟಕದಲ್ಲಿ ಜೊತೆಯ ಹೆಂಗಸರು ಊಟದ ಹೊತ್ತಿಗೆ ಅವಳ ಡಬ್ಬಿಯೊಳಗೆ ಇಣುಕಿ ನೋಡಲು ಶುರು ಮಾಡಿದರು. ಮನೆಯ ಓನರ್ ಹೆಂಡತಿ ಬಂದು, ನಮ್ಮ ವಠಾರದ ಹೆಸರು ಕೆಟ್ಟಿತು ಎಂದರು. ಲೋಡಿಂಗಿನವರು ಜಯಕುಮಾರನನ್ನು “ಏನ್ಲಾ, ಮಗೀಗೆ ಅನ್ನ ಹಾಕಲ್ವೇನ್ಲಾ?” ಎಂದು ರೇಗಿಸಿದರು, ಅವನು ಒಬ್ಬನ ಮೇಲೆ ಕೈ ಮಾಡಿ ಮೂರು ದಿನದ ಕೆಲಸ ಕಳೆದುಕೊಂಡ. ಚಿಕ್ಕಲಕ್ಷ್ಮಮ್ಮ ಸಿಟ್ಟು ತೀರಿಸಿಕೊಂಡಿದ್ದು ಸೊಸೆಯ ಮೇಲೆ. “ನನ್ ಮಗನ್ ಮನೆ ಮರ್ಯಾದೆನ ಬಸ್‌ಸ್ಟ್ಯಾಂಡಿಗೆ ನೇತಾಕುಸ್ಬುಟ್ಲು. ಕಿಟ್ಟು ಕೊಡ್ತರೆ ಅಂತ ಓಡೋದ್ಲು, ಏನ್ ಕೊಟ್ರು ನೋಡಿ” ಎಂದು ಮುನಿಯಮ್ಮನ ಮುಂದೆ ಅತ್ತರು.

ನಾನು ಮತ್ತು ಜಯಕುಮಾರ್ ತಮ್ಮ ಕಚೇರಿಗೆ ಬಂದೆವು. ತಮಗೆ ನೆನಪಿರಲಾರದು, ನಮ್ಮ ಭೇಟಿ ಎರಡು ನಿಮಿಷದ್ದು. ನಾನೇ ಬರೆದ ಅರ್ಜಿ, ಕಾಗುಣಿತ ತಪ್ಪಿರಲಿಲ್ಲ. ತಾವು ಓದಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಕೇಳಿದಿರಿ.

“ಫ್ಲೆಕ್ಸಿನಲ್ಲಿ ಹೆಸರು ಹಾಕಿದೀವಾ?”

“ಇಲ್ಲ ಸಾರ್. ಆದ್ರೆ ಮುಖ ಐತಲ್ಲ,” ಎಂದ ಜಯಕುಮಾರ್.

“ನಿನ್ನ ಹೆಂಡ್ತಿ ಒಪ್ಪಿ ಸಹಿ ಹಾಕಿದ್ದಾಳೆ.”

“ಅದು ಕಿಟ್ಟಿಗೆ ಅಂದ್ರಂತೆ ಸಾರ್.”

“ನೋಡಪ್ಪ, ಒಂದು ಫೋಟೊದಿಂದ ನೂರು ತಾಯಂದಿರು ಎಚ್ಚೆತ್ತುಕೊಳ್ತಾರೆ ಅಂದ್ರೆ ನೀವು ಹೆಮ್ಮೆ ಪಡಬೇಕು.”

ಹೊರಗೆ ಬಂದಾಗ ಗುಮಾಸ್ತರು ಮೆಲ್ಲಗೆ, ಜಾಗದ ಬಾಡಿಗೆಯನ್ನು ಮುಂಗಡ ಕಟ್ಟಿಯಾಗಿದೆ, ಅವಧಿ ಮುಗಿಯುವವರೆಗೆ ಇಳಿಸಲು ಬರುವುದಿಲ್ಲ ಎಂದು ತಿಳಿಸಿದರು. ಇಳಿಸಿದರೆ ಆಡಿಟ್ಟಿನಲ್ಲಿ ಪ್ರಶ್ನೆ ಬರುತ್ತದಂತೆ. ಒಂದು ಹೆಣ್ಣಿನ ಮುಖದ ಬಗ್ಗೆ ಯಾವ ಆಡಿಟ್ಟಿನಲ್ಲೂ ಪ್ರಶ್ನೆ ಬರುವುದಿಲ್ಲ, ಆ ಧೈರ್ಯ ತಮಗಿತ್ತು.

ಎಚ್ಚೆತ್ತುಕೊಂಡ ನೂರು ತಾಯಂದಿರ ಲೆಕ್ಕ ನನ್ನ ಬಳಿ ಇಲ್ಲ. ಒಬ್ಬ ತಾಯಿ ಏನು ಮಾಡಿದಳೆಂದು ಹೇಳಬಲ್ಲೆ. ಅವಳು ಸಂಜೆ ತರಕಾರಿಗೆ ಬರುವುದನ್ನು ನಿಲ್ಲಿಸಿದಳು. ನಾನು ಕಟ್ಟಿಟ್ಟದ್ದನ್ನು ಮುನಿಯಮ್ಮ ಬಸ್ ಹತ್ತುವ ಮೊದಲು ಅವರ ಮನೆಗೆ ಮುಟ್ಟಿಸುತ್ತಿದ್ದರು. ಮಗುವಿನ ತೂಕ ಮಾಡಿಸಲು ಫೆಬ್ರವರಿಯಲ್ಲಿ ಹೋಗಲಿಲ್ಲ, ಮಾರ್ಚಿನಲ್ಲೂ ಹೋಗಲಿಲ್ಲ. ಮನೆಗೇ ಬಂದು ಕರೆದ ಅಂಗನವಾಡಿ ಕಾರ್ಯಕರ್ತೆಗೆ ಬಾಗಿಲು ತೆಗೆಯಲಿಲ್ಲ. ಆ ಹೆಣ್ಣುಮಗಳದೇನೂ ತಪ್ಪಿಲ್ಲ. ಅವಳ ಕೈಯಲ್ಲಿದ್ದದ್ದು ತೂಕದ ಪುಸ್ತಕ. ನವ್ಯಳ ಕಣ್ಣಿಗೆ ಅದೂ ಕ್ಯಾಮೆರಾದಂತೆ ಕಂಡಿತು.

ಏಪ್ರಿಲ್ ಎರಡನೇ ವಾರದ ಸುಡುಬಿಸಿಲಿನಲ್ಲಿ ಲಿಖಿತಾಳಿಗೆ ಭೇದಿ ಹಿಡಿಯಿತು, ಜೊತೆಗೆ ವಾಂತಿ. ಅಜ್ಞಾನಿ ತಾಯಿ ಏನು ಮಾಡಿದಳು ಗೊತ್ತೇ? ಕಾಯಿಸಿ ಆರಿಸಿದ ನೀರಿಗೆ ಅಳತೆಯಂತೆ ಸಕ್ಕರೆ ಉಪ್ಪು ಬೆರೆಸಿ ಚಮಚ ಚಮಚವಾಗಿ ಕುಡಿಸಿದಳು. ಅಕ್ಕಿ ಗಂಜಿಯ ತಿಳಿ ಕುಡಿಸಿದಳು. ಕೆಲಸಕ್ಕೆ ಹೋಗದೆ ಎರಡು ದಿನ ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ. ಎರಡನೇ ದಿನ ಮಧ್ಯಾಹ್ನ ಜಯಕುಮಾರ್ ಆಟೊ ತಂದು ಬಾಗಿಲಿಗೆ ನಿಲ್ಲಿಸಿದ.

“ನಡಿ, ಆಸ್ಪತ್ರೆಗೋಗನ. ಕಣ್ಣು ಒಳಿಕೋಗ್ಬುಟ್ಟವೆ.”

“ಬ್ಯಾಡ ಕಣ್ರಿ. ಅಲ್ಲಿ ಮತ್ತೆ ಅಂಗಿ ಎತ್ತುಸ್ತಾರೆ. ಅದೇ ಮಗು ಅಂತ ಗೊತ್ತಾಗುತ್ತೆ ಎಲ್ರಿಗೂ. ಸಂಜಿಗೆ ನಿಲ್ಲುತ್ತೆ, ಒಸಿ ತಾಳಿ.”

ಈ ಮಾತನ್ನು ಜಯಕುಮಾರ್ ನನಗೆ ಹೇಳಿದ್ದು ಆಮೇಲೆ. ಅಂದು ತಾನೇ ಬಲವಂತ ಮಾಡಿ ಎತ್ತಿಕೊಂಡು ಹೋಗಬೇಕಿತ್ತೆಂದು ಈಗಲೂ ತಲೆ ಚಚ್ಚಿಕೊಳ್ಳುತ್ತಾನೆ. ಆಟೊ ವಾಪಸ್ ಹೋಯಿತು. ಸಂಜೆ ಭೇದಿ ನಿಂತಿತು. ನಿಂತಿದ್ದು ಗುಣವಾಗಿ ಅಲ್ಲ, ಮೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಕರೆದರೂ ಮಗು ಕಣ್ಣು ಬಿಡದಿದ್ದಾಗ ಅವಳೇ ಎತ್ತಿಕೊಂಡು ಓಡಿದಳು. ಆಸ್ಪತ್ರೆಯವರು ಕೈಲಾದದ್ದನ್ನೆಲ್ಲ ಮಾಡಿದರು. ಸೂಜಿ ಚುಚ್ಚಲು ನರ ಸಿಗಲಿಲ್ಲ. ಹನ್ನೊಂದು ಗಂಟೆಗೆ ಎಲ್ಲ ಮುಗಿಯಿತು. ವೈದ್ಯರು, “ಎರಡು ದಿನ ಏನ್ ಮಾಡ್ತಿದ್ರಿ?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಉತ್ತರ ಇಪ್ಪತ್ತು ಅಡಿ ಅಗಲವಿತ್ತು, ಬಸ್ ನಿಲ್ದಾಣದ ಎದುರು ನೇತಾಡುತ್ತಿತ್ತು.

ಆ ಮಧ್ಯಾಹ್ನ ಮಗುವನ್ನು ಮಾಗಡಿ ಕಡೆಯ ಊರಿಗೆ ತೆಗೆದುಕೊಂಡು ಹೋಗುವ ವ್ಯಾನು ಬಸ್ ನಿಲ್ದಾಣದ ಮುಂದೆಯೇ ಹಾದುಹೋಗಬೇಕಾಯಿತು. ಬೇರೆ ದಾರಿ ಇರಲಿಲ್ಲ. ನಾನೂ ಮುನಿಯಮ್ಮನೂ ಎದ್ದು ನಿಂತೆವು. ಚಿಕ್ಕಲಕ್ಷ್ಮಮ್ಮ ಕಿಟಕಿಯಿಂದ ಫ್ಲೆಕ್ಸನ್ನು ನೋಡಿದ್ದನ್ನು ನಾನು ಕಂಡೆ.

ಹನ್ನೆರಡನೇ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಜನ ಗಿಜಿಗುಡುವ ಹೊತ್ತಿಗೆ, ಆ ಹೆಂಗಸು ಮಾಗಡಿ ಬಸ್ಸಿನಿಂದ ಇಳಿದು ನೇರ ನನ್ನ ಗಾಡಿಯ ಹತ್ತಿರ ಬಂದರು. ಕೈಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲು.

“ಮೇಷ್ಟ್ರಪ್ಪ, ಗಾಡಿ ಒಸಿ ಅಲ್ಲಿಗಂಟ ತಳ್ಕೊಡ್ತೀಯಾ? ನನಗೆ ಎಟುಕಲ್ಲ.”

ಏಕೆಂದು ಕೇಳಲಿಲ್ಲ. ತಕ್ಕಡಿ ಇಳಿಸಿ, ಗಾಡಿಯನ್ನು ತಳ್ಳಿಕೊಂಡು ಹೋಗಿ ಫ್ಲೆಕ್ಸಿನ ಕೆಳಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಅರವತ್ತು ದಾಟಿದ ಆ ಹೆಂಗಸು ನನ್ನ ಟೊಮೆಟೊ ಬದನೆಗಳ ನಡುವೆ ಹತ್ತಿ ನಿಂತು ಮೊದಲು ಮೊಮ್ಮಗಳನ್ನು ಕೊಯ್ದು ತೆಗೆದರು. ಆಮೇಲೆ ಸೊಸೆಯನ್ನೂ ಕೊಯ್ದರು. ಯಾರೋ “ಅಜ್ಜಿ, ಗೌರ್ಮೆಂಟ್ದು, ಕೇಸಾಯ್ತದೆ” ಎಂದು ಕೂಗಿದರು. ಅವರು ತಿರುಗಿ ನೋಡದೆಯೇ, “ನನ್ ಮನೆ ಮಕ್ಕಳ್ನ ನಾನ್ ಕರ್ಕಂಡೋಯ್ತಾ ಇವ್ನಿ. ನಿಮ್ದೇನ್ ಅದ್ರಲ್ಲಿ?” ಎಂದರು. ನವ್ಯಳನ್ನು ಅವರು ತಮ್ಮ ಮನೆಯ ಮಗಳೆಂದು ಕರೆದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫ್ಲೆಕ್ಸಿನಲ್ಲಿ ಉಳಿದದ್ದು ಗುಂಡು ಮಗು, ಬ್ರೊಕೋಲಿ, ಕೆಂಪಕ್ಷರ, ಕೈ ಮುಗಿದ ತಾವು, ಮತ್ತು ಬಾಗಿಲಿನಷ್ಟು ದೊಡ್ಡ ತೂತು.

ತಮ್ಮ ಕಚೇರಿಗೆ ಇಷ್ಟೊಂದು ವೇಗವಿದೆ ಎಂದು ನಮಗೆ ತಿಳಿದಿರಲಿಲ್ಲ. ನಮ್ಮ ಅರ್ಜಿಗೆ ಮೂರು ತಿಂಗಳಲ್ಲಿ ಬಾರದ ಉತ್ತರ ಚಿಕ್ಕಲಕ್ಷ್ಮಮ್ಮನ ಹೆಸರಿಗೆ ನಾಲ್ಕೇ ದಿನದಲ್ಲಿ ಬಂತು. ಆರನೇ ದಿನ ಹೊಸ ಫ್ಲೆಕ್ಸ್ ಮೇಲೆದ್ದಿತು, ಅದೇ ಚಿತ್ರ, ಅದೇ ಅಕ್ಷರ. ಈ ಸಲ ಯಾರಿಗೂ ಎಟುಕದಷ್ಟು ಎತ್ತರದಲ್ಲಿ. ನೋಟಿಸನ್ನು ನಾನೇ ಅವರಿಗೆ ಓದಿ ಹೇಳಿದೆ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದಕ್ಕೆ ಕ್ರಮ ಏಕೆ ಜರುಗಿಸಬಾರದು ಎಂದು ಕೇಳಿದ್ದೀರಿ. ಕತ್ತರಿಸಿಕೊಂಡು ಹೋದ ಭಾಗವನ್ನು ಏಳು ದಿನದೊಳಗೆ ಕಚೇರಿಗೆ ಹಿಂದಿರುಗಿಸತಕ್ಕದ್ದು ಎಂದೂ ಬರೆದಿದ್ದೀರಿ.

ಆ ಭಾಗ ಎಲ್ಲಿದೆ ಎಂದು ತಿಳಿಸುವುದು ನನ್ನ ಕರ್ತವ್ಯ. ನವ್ಯಳ ಚಿತ್ರವಿದ್ದ ತುಂಡನ್ನು ಅವಳೇ ಒಲೆಗೆ ಹಾಕಿದಳು. ಮಗುವಿನ ಚಿತ್ರವನ್ನು ಚಿಕ್ಕಲಕ್ಷ್ಮಮ್ಮ ಮಡಿಸಿ, ತಮ್ಮದೊಂದು ಹಳೆಯ ಸೀರೆಯಲ್ಲಿ ಸುತ್ತಿ, ಹೊಲದ ಬದುವಿನಲ್ಲಿ ಲಿಖಿತಾಳನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ ಹೂತಿದ್ದಾರೆ. ತಮಗೆ ಬೇಕೇಬೇಕಾದರೆ ಬಂದು ಅಗೆದುಕೊಳ್ಳಬಹುದು. ಗುದ್ದಲಿ ತಾವೇ ತರಬೇಕು, ಆ ಊರಿನಲ್ಲಿ ಯಾರೂ ಕೊಡುವುದಿಲ್ಲ. ನೋಟಿಸಿನಲ್ಲಿ ಒಂದು ಲೋಪವೂ ಇದೆ: ಗಾಡಿ ತಳ್ಳಿಕೊಟ್ಟವನ ಹೆಸರನ್ನು ಬಿಟ್ಟಿದ್ದೀರಿ. ಯೋಗಾನಂದ ಎಂದು ಸೇರಿಸಿಕೊಳ್ಳಿ.

ನವ್ಯ ಈಗ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ಬಸ್ ನಿಲ್ದಾಣದ ದಾರಿ ಬಿಟ್ಟು ರೈಲ್ವೆ ಹಳಿಯ ಪಕ್ಕದಿಂದ ಸುತ್ತಿಕೊಂಡು ಹೋಗುತ್ತಾಳೆ. ಸಂಜೆ ತರಕಾರಿಗೆ ಬರುವುದಿಲ್ಲ. ಈ ಪತ್ರ ಬರೆಯಲೇ ಎಂದು ಕೇಳಲು ಹೋದ ವಾರ ಅವರ ಮನೆಗೆ ಹೋಗಿದ್ದೆ. ಬೆಳ್ಳಗಾದ ಬೆರಳುಗಳನ್ನು ನೋಡಿಕೊಳ್ಳುತ್ತಾ “ಬರೀರಿ ಅಣ್ಣ. ನನಗೆ ಎಲ್ಲಾ ಗೊತ್ತಿತ್ತು ಅಂತ ಬರೀರಿ. ಏನ್ ತಿನ್ನುಸ್ಬೇಕು ಅಂತ ಗೊತ್ತಿತ್ತು. ಆಸ್ಪತ್ರೆಗೆ ಹೋಗ್ಬೇಕು ಅಂತನೂ ಗೊತ್ತಿತ್ತು. ಗೊತ್ತಿದ್ದೂ ಹೋಗ್ಲಿಲ್ಲ” ಎಂದಳು. ಅವಳನ್ನು ಸಮಾಧಾನಪಡಿಸುವ ಒಂದು ಮಾತೂ ನನ್ನ ಬಳಿ ಇರಲಿಲ್ಲ. ತಮ್ಮ ಬಳಿ ಇದ್ದರೆ ಅದನ್ನು ಯಾವ ಎತ್ತರದಲ್ಲಿ ಬೇಕಾದರೂ ಕಟ್ಟಿಸಿ.

ನಾವು ಕೇಳುವುದು ಹೆಚ್ಚಿಗೆ ಏನಿಲ್ಲ. ಇದು ಅಚ್ಚಾದ ದಿನವೇ ಆ ಫ್ಲೆಕ್ಸ್ ಇಳಿಯಬೇಕು. ಬಾಡಿಗೆಯ ಅವಧಿ ಬಾಕಿಯಿದ್ದರೆ ಖಾಲಿ ಚೌಕಟ್ಟು ನಿಂತಿರಲಿ. ಚಿಕ್ಕಲಕ್ಷ್ಮಮ್ಮನ ಮೇಲಿನ ನೋಟಿಸನ್ನು ಬರಹದಲ್ಲಿ ಹಿಂಪಡೆಯಬೇಕು. ಆ ಶೀಟಿನ ಮನೆಗಳ ಸಾಲಿಗೆ ಚರಂಡಿಯ ಹೊರಗಿನಿಂದ ನೀರಿನ ಪೈಪು ಬರಬೇಕು. ಅದು ತಮ್ಮ ವ್ಯಾಪ್ತಿಯಲ್ಲವಾದರೆ ಯಾರ ವ್ಯಾಪ್ತಿಯೋ ಅವರಿಗೆ ಬರೆಯಿರಿ, ನಾಲ್ಕು ದಿನದಲ್ಲಿ ಪತ್ರ ಮುಟ್ಟಿಸುವುದು ತಮಗೆ ಗೊತ್ತಿದೆ. ಕೊನೆಯದಾಗಿ, ‘ಅಜ್ಞಾನ’ ಎಂದು ಬರೆಸಿದ ತಾವೇ ನವ್ಯಶ್ರೀಯ ಬಾಗಿಲಿಗೆ ಹೋಗಿ, ಅದು ಸುಳ್ಳು ಎಂದು ಅವಳ ಎದುರು ನಿಂತು ಹೇಳಬೇಕು.

ಹೋಗುವಾಗ ಫೋಟೊಗ್ರಾಫರ್ ಬೇಡ.

ಇಂತಿ, ಆ ಮಗುವಿಗೆ ಹಣ್ಣು ತಿನ್ನಿಸೆಂದು ಬುದ್ಧಿ ಹೇಳಿ, ಒಂದು ಹಣ್ಣನ್ನೂ ಕೈಗಿಡದವರಲ್ಲಿ ಒಬ್ಬ,

ಯೋಗಾನಂದ
ತರಕಾರಿ ತಳ್ಳುಗಾಡಿ, ಬಸ್ ನಿಲ್ದಾಣದ ಎದುರು, ರಾಮನಗರ